ಆಯಾಸ ಎಂದವರ ಪಟ್ಟಿ

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು. 2023ರ ಮಾರ್ಚ್ ತಿಂಗಳ ಒಂದು ಮಂಗಳವಾರ ನಡೆದದ್ದನ್ನು ಬರೆಯುತ್ತಿದ್ದೇನೆ. ಆ ದಿನ ನನ್ನ ದಿನಚರಿಯಲ್ಲಿ ಬರೆದಿರುವುದು ಹನ್ನೊಂದೇ ಸಾಲು, ಅದರಲ್ಲೂ ನಾಲ್ಕು ಸಾಲು ಬರೀ ಫೋನ್ ನಂಬರು. ಉಳಿದದ್ದನ್ನು ನೆನಪಿನಿಂದ ತುಂಬಿಸುತ್ತಿದ್ದೇನೆ, ಮತ್ತು ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಮೊದಲ ಕರೆ ಬಂದಾಗ ನಾನು ಆಫೀಸಿನ ಬೀಗ ತೆಗೆಯುತ್ತಿದ್ದೆ ಎಂದು ನಾಲ್ಕಾರು ಜನರಿಗೆ ಹೇಳಿದ್ದೇನೆ. ಆಮೇಲೊಮ್ಮೆ ಫೋನಿನ ದಾಖಲೆ ನೋಡಿದರೆ ಅದು ಬಂದದ್ದು ಹತ್ತೂ ನಲವತ್ತಕ್ಕೆ. ಆ ಹೊತ್ತಿಗೆ ನಾನು ಬಂದು ಕೂತು ಒಂದೂವರೆ ಗಂಟೆಯಾಗಿತ್ತು. ಆ ಬೀಗ ನನ್ನ ತಲೆಯೊಳಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಹೆಸರುಗಳನ್ನು ಮಾತ್ರ ಬೇಕೆಂದೇ ಬದಲಿಸಿದ್ದೇನೆ.

ಆಗ ನಾನು ಚಳ್ಳಕೆರೆಯಲ್ಲಿ ಒಂದು ಡಿಜಿಟಲ್ ಆರೋಗ್ಯ ಕಂಪನಿಯ ಆಪರೇಷನ್ಸ್ ಮ್ಯಾನೇಜರ್ ಆಗಿದ್ದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕು ನನ್ನ ಕೈಯಲ್ಲಿದ್ದವು. ಎಂಬಿಎ ಮುಗಿಸಿ ಬೇರೆ ಊರುಗಳಲ್ಲಿ ಒಂಬತ್ತು ವರ್ಷ ದುಡಿದು ಹುಟ್ಟೂರಿಗೆ ಬಂದಿದ್ದೆ. ಎಣ್ಣೆ ಮಿಲ್ಲೊಂದರ ಪಕ್ಕದ ಕಟ್ಟಡದಲ್ಲಿ ಮಹಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಹಿಂಡಿಯ ವಾಸನೆ ನನ್ನ ಲ್ಯಾಪ್‌ಟಾಪ್ ಚೀಲಕ್ಕೂ ಹತ್ತಿತ್ತು.

ನಮ್ಮ ಕಂಪನಿ ಆಸ್ಪತ್ರೆ ಕಟ್ಟುತ್ತಿರಲಿಲ್ಲ, ವೈದ್ಯರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಪ್ಲಾಟ್‌ಫಾರ್ಮ್ ಎಂದರೇನು ಎಂದು ಅಪ್ಪ ಕೇಳಿದಾಗ ಸಂತೆ ಮೈದಾನದ ಉದಾಹರಣೆ ಕೊಟ್ಟಿದ್ದೆ. ಮೈದಾನದವನು ಏನನ್ನೂ ಬೆಳೆಯುವುದಿಲ್ಲ, ಏನನ್ನೂ ಮಾರುವುದಿಲ್ಲ. ಮಾರುವವರೂ ಕೊಳ್ಳುವವರೂ ಒಂದೇ ಜಾಗಕ್ಕೆ ಬರುವಂತೆ ಮಾಡುತ್ತಾನೆ. ನಮ್ಮ ಮೈದಾನದ ಒಂದು ಬದಿಗೆ ದಾವಣಗೆರೆ, ಬೆಂಗಳೂರುಗಳಲ್ಲಿ ಕೂತ ವೈದ್ಯರು. ಇನ್ನೊಂದು ಬದಿಗೆ ಎರಡು ತಾಲ್ಲೂಕಿನ ರೋಗಿಗಳು. ಜನ ಹೆಚ್ಚಾದಷ್ಟೂ ವೈದ್ಯರು ಬರುತ್ತಾರೆ, ವೈದ್ಯರು ಹೆಚ್ಚಾದಷ್ಟೂ ಜನ ಬರುತ್ತಾರೆ. ಇದಕ್ಕೆ ನೆಟ್‌ವರ್ಕ್ ಎಫೆಕ್ಟ್ ಎನ್ನುತ್ತಾರೆ. ಇಂಥ ವ್ಯವಹಾರದಲ್ಲಿ ಯಾವ ಬದಿ ಕಡಿಮೆ ಇದೆಯೋ ಅದನ್ನು ಕಾಪಾಡಿಕೊಳ್ಳಬೇಕು ಎಂಬುದು ಮೊದಲ ಪಾಠ. ನಮ್ಮಲ್ಲಿ ಕಡಿಮೆ ಇದ್ದದ್ದು ವೈದ್ಯರ ಸಮಯ.

ಅದನ್ನು ಕಾಪಾಡಲು ಒಂದು ಜರಡಿ ಮಾಡಿದ್ದೆವು. ರೋಗಿ ತನ್ನ ತೊಂದರೆ ಹೇಳಿದರೆ ಯಂತ್ರ ಅದಕ್ಕೆ ಬಣ್ಣ ಕೊಡುತ್ತಿತ್ತು. ಕೆಂಪು ಬಂದರೆ ವೈದ್ಯರು ಕೂಡಲೇ ಮಾತಾಡುತ್ತಾರೆ. ಹಳದಿ ಬಂದರೆ ಆ ದಿನದೊಳಗೆ. ಹಸಿರು ಬಂದರೆ ವೈದ್ಯರೇ ಬೇಡ, ಯಂತ್ರವೇ ಸಲಹೆ ಕೊಟ್ಟು ಕೇಸನ್ನು ಮುಚ್ಚುತ್ತದೆ. ಇದರ ಹೆಸರು ಆಟೋ-ಕ್ಲೋಸ್.

ಶುರುವಿನಲ್ಲಿ ರೋಗಿಗೂ ಯಂತ್ರಕ್ಕೂ ನಡುವೆ ಒಬ್ಬ ಹೆಂಗಸು ಇರುತ್ತಿದ್ದಳು. ಊರಿಗೊಬ್ಬ ಸಖಿ. ಅವಳು ಮನೆಗೆ ಹೋಗಿ, ಕೂತು, ಕೇಳಿ, ಟ್ಯಾಬ್‌ನಲ್ಲಿ ತುಂಬುತ್ತಿದ್ದಳು. ಒಂದು ಕೇಸಿಗೆ ಅರ್ಧ ಗಂಟೆಯೂ ಆಗುತ್ತಿತ್ತು, ಅದರಲ್ಲಿ ಕಾಫಿಯೂ ಸೇರಿತ್ತು. ನಾನೇ ವರದಿ ಬರೆದೆ: ಸಖಿಯರು ನಮ್ಮ ಬೆಳವಣಿಗೆಗೆ ತಡೆಯಾಗಿದ್ದಾರೆ, ಜನ ನೇರವಾಗಿ ಫೋನಿನಲ್ಲಿ ಹೇಳಿಕೊಳ್ಳಲಿ. ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ತಿರುಗಿ ಕರೆ ಮಾಡುತ್ತದೆ, ಹೆಣ್ಣಿನ ದನಿಯಲ್ಲಿ ಕನ್ನಡದಲ್ಲಿ ಕೇಳುತ್ತದೆ, ಅವರ ಮಾತಿನಲ್ಲಿ ನಮ್ಮ ಪಟ್ಟಿಯ ಪದಗಳನ್ನು ಹುಡುಕಿ ಬಣ್ಣ ಹಚ್ಚುತ್ತದೆ. ನನ್ನಿವಾಳ, ದೊಡ್ಡಉಳ್ಳಾರ್ತಿಗಳಲ್ಲಿ ಎರಡು ತಿಂಗಳು ಪ್ರಯೋಗ ಮಾಡಿದೆವು. ಒಂದು ತಪ್ಪೂ ಬರಲಿಲ್ಲ. ಫೆಬ್ರವರಿಯಲ್ಲಿ ಅದನ್ನು ಮೊಳಕಾಲ್ಮುರಿಗೆ ಒಯ್ದೆವು. ಸಖಿಯರಿಗೆ ಹೆಸರು ನೋಂದಾಯಿಸುವ ಕೆಲಸವನ್ನಷ್ಟೇ ಉಳಿಸಿದೆವು.

ಆ ಮಂಗಳವಾರ ಕರೆ ಮಾಡಿದವರು ಮೊಳಕಾಲ್ಮುರಿನ ಸಖಿ ಈಶ್ವರಮ್ಮ. ನೇಕಾರರ ಮನೆಯ ಸೊಸೆ, ನಲವತ್ತೈದರ ಆಸುಪಾಸು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನಾನು ಅವರ ಕೆಲಸವನ್ನು ಅರ್ಧ ಮಾಡಿದ್ದಕ್ಕೆ ಕೋಪ ಇತ್ತೋ ಏನೋ, ಮಾತಿನಲ್ಲಿ ಮಾತ್ರ ತಮಾಷೆಯೇ ಇರುತ್ತಿತ್ತು.

“ಮೇಡಂ, ನಿಮ್ಮ ಮಿಷಿನ್ನಮ್ಮಂಗೆ ಒಂದೀಟು ಬುದ್ಧಿ ಹೇಳ್ರಿ. ನಮ್ಮ ಪಕ್ಕದ ಮನೆ ವೆಂಕಟಪ್ಪ ತಾತಂಗೆ ಮಲಿಕ್ಕಂಡು ರೆಸ್ಟ್ ತಗೋ ಅಂತ ಹೇಳವ್ಳೆ.”

“ತಪ್ಪೇನಿದೆ ಈಶ್ವರಮ್ಮ? ವಯಸ್ಸಾದವರು.”

“ತಾತ ಬೆಳಿಗ್ಗಿಂದ ಬೀದಿಗೆಲ್ಲ ಹೇಳ್ಕಂಡು ನಗ್ತಾ ಕುಂತವ್ನೆ. ‘ನಂಗೆ ಆಯಾಸ ಬರೋದೇ ಮಲಗಿದ್ರೆ ಕಣಮ್ಮೋ, ಆಯಾಸ ಅಂದ್ರೆ ಮಲಗು ಅಂತಾಳಲ್ಲ, ನನ್ನ ಕಳಿಸೋಕೆ ನಮ್ಮ ಸೊಸೆ ಏನಾರ ಇವಳಿಗೆ ದುಡ್ಡು ಕೊಟ್ಟವ್ಳಾ’ ಅಂತ.”

ನಾನೂ ನಕ್ಕೆ. ನಕ್ಕದ್ದು ನೆನಪಿದೆ, ಯಾಕೆಂದರೆ ನಗು ಮುಗಿಯುವ ಮೊದಲೇ ತಾತನ ಮಾತು ತಲೆಯಲ್ಲಿ ಸಿಕ್ಕಿಕೊಂಡಿತು. ಮಲಗಿದರೆ ಬರುವ ಆಯಾಸ ಎಂಥದು?

“ಈಶ್ವರಮ್ಮ, ತಾತ ಆಯಾಸ ಅಂದ್ರೆ ಏನು ಹೇಳ್ತಿದಾರೆ?”

“ಏನಂದ್ರೆ? ಆಯಾಸ. ಉಸ್ರು ಸಿಗದೇ ಇರೋದು. ಹಾ ಹಾ ಅಂತ ಎದೆ ಬಡ್ಕಳಲ್ವಾ, ಅದು. ತೆಲುಗಲ್ಲಿ ಅದಕ್ಕೆ ಆಯಾಸಂ ಅಂತಾರೆ. ನೀವು ಏನಂತೀರಾ?”

ನಾವು ದಣಿವಿಗೆ ಆಯಾಸ ಎನ್ನುತ್ತೇವೆ. ಹಾಗೆ ಹೇಳುವ ಬದಲು ಕಂಪ್ಯೂಟರಿನತ್ತ ತಿರುಗಿದೆ. ನಮ್ಮ ಪದಪಟ್ಟಿಯಲ್ಲಿ ‘ಆಯಾಸ’ದ ಮುಂದೆ ‘ಸಾಮಾನ್ಯ ದಣಿವು, ಹಸಿರು’ ಎಂದಿತ್ತು. ‘ಉಸಿರಾಟದ ತೊಂದರೆ’ಯ ಮುಂದೆ ಕೆಂಪು ಇತ್ತು.

ನನ್ನಿವಾಳದಲ್ಲಿ, ದೊಡ್ಡಉಳ್ಳಾರ್ತಿಯಲ್ಲಿ ಯಾಕೆ ತಪ್ಪು ಬರಲಿಲ್ಲ ಎಂಬುದು ಆ ನಿಮಿಷಕ್ಕೇ ಹೊಳೆಯಿತು. ಅಲ್ಲಿನವರು ದಣಿವಾದರೆ ಸುಸ್ತು ಎನ್ನುತ್ತಾರೆ, ಉಸಿರು ಕಟ್ಟಿದರೆ ದಮ್ಮು ಎನ್ನುತ್ತಾರೆ. ಆಯಾಸ ಎಂಬ ಮಾತನ್ನು ಅವರು ಆಡುವುದೇ ಇಲ್ಲ. ಅದು ನಾವು ಓದಿದವರು ಪುಸ್ತಕದಿಂದ ಎತ್ತಿ ಪಟ್ಟಿಯಲ್ಲಿ ಕೂರಿಸಿದ ಪದ. ಎರಡು ತಿಂಗಳು ಅದು ಯಾರ ಬಾಯಿಗೂ ಸಿಗದೆ ಸುಮ್ಮನೆ ಕೂತಿತ್ತು. ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಅದು ದಿನಬಳಕೆಯ ಮಾತು, ಬೇರೆಯೇ ಅರ್ಥದಲ್ಲಿ.

ಕಂಪ್ಯೂಟರಿನಲ್ಲಿ ಹುಡುಕಿದೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಆಯಾಸ ಎಂದು ಹೇಳಿ ಹಸಿರಾಗಿ ಮುಚ್ಚಿಹೋದ ಕೇಸುಗಳು. ಹತ್ತೊಂಬತ್ತು ನಂಬರುಗಳು ಬಂದವು. ಬೆಂಗಳೂರಿನಲ್ಲಿದ್ದ ನನ್ನ ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಸ್ಟ್ರಾಟಜಿ ನೋಡಿಕೊಳ್ಳುತ್ತಿದ್ದವರು, ಒಳ್ಳೆಯ ಮನುಷ್ಯ. “ಗಾಬರಿ ಆಗಬೇಡಿ. ಮೊದಲು ಟಿಕೆಟ್ ರೇಸ್ ಮಾಡಿ. ಲೀಗಲ್‌ನವರು ನೋಡೋವರೆಗೆ ರೋಗಿಗಳಿಗೆ ನೇರವಾಗಿ ಕರೆ ಮಾಡಬೇಡಿ” ಎಂದರು. ಟಿಕೆಟ್ ಎಂದರೆ ಕಂಪನಿಯೊಳಗೆ ದೂರು ದಾಖಲಿಸುವ ಕ್ರಮ. ಆಗಲಿ ಎಂದು ಫೋನಿಟ್ಟು ಮೊದಲ ನಂಬರಿಗೆ ಕರೆ ಮಾಡಿದೆ. ಇದು ಧೈರ್ಯವಾಗಿರಲಿಲ್ಲ. ಸುಮ್ಮನೆ ಕೂರಲು ಕೈಗಳು ಬಿಡುತ್ತಿರಲಿಲ್ಲ.

ಈಶ್ವರಮ್ಮ ಅತ್ತ ಮನೆಮನೆಗೆ ಓಡಿದರು, ನಾನು ಇತ್ತ ಫೋನ್ ಮಾಡಿದೆ. ಹನ್ನೆರಡು ಗಂಟೆಯ ಹೊತ್ತಿಗೆ ಹದಿನೆಂಟು ಮಂದಿ ಸಿಕ್ಕಿದ್ದರು. ಏಳು ಜನರಿಗೆ ಉಸಿರಿನದೇ ತೊಂದರೆ, ಹೆಚ್ಚಿನವರು ಹಳೆಯ ದಮ್ಮಿನವರು. ಅವರನ್ನೆಲ್ಲ ವೈದ್ಯರಿಗೆ ತೋರಿಸುವ ಏರ್ಪಾಡಾಯಿತು. ಉಳಿದದ್ದು ಒಂದು ನಂಬರು, ಸ್ವಿಚ್ ಆಫ್. ಆ ಸಾಲಿನ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತಿತ್ತು. ನಕ್ಷತ್ರ ಎಂದರೆ ರಿಪೀಟ್ ಯೂಸರ್, ನಮ್ಮ ಸೇವೆಯನ್ನು ಮೆಚ್ಚಿ ಮತ್ತೆ ಮತ್ತೆ ಬರುವ ಗ್ರಾಹಕ. ವಾರದ ಮೀಟಿಂಗಿನಲ್ಲಿ ನಾವು ಈ ನಕ್ಷತ್ರಗಳನ್ನು ಎಣಿಸಿ ಖುಷಿಪಡುತ್ತಿದ್ದೆವು. ಈ ನಂಬರಿನಿಂದ ನಾಲ್ಕು ದಿನದಲ್ಲಿ ಮೂರು ಸಲ ಕರೆ ಬಂದಿತ್ತು. ಮೂರೂ ಸಲ ಹಸಿರು, ಮೂರೂ ಸಲ ಮುಚ್ಚಲಾಗಿದೆ.

ಧ್ವನಿಮುದ್ರಣ ತೆರೆದೆ. ಮೊದಲನೆಯದರಲ್ಲಿ ಒಬ್ಬ ಹೆಂಗಸು, ಚಿಕ್ಕ ವಯಸ್ಸಿನ ದನಿ. “ಪಡುಕುಂಟೇ… ಆಯಾಸಂ ವಸ್ತಾಂದಿ… ಕಾಳ್ಳು ವಾಚಿನಾಯಿ.” ಮಲಗಿದರೆ ಏದುಸಿರು ಬರುತ್ತದೆ, ಕಾಲು ಊದಿವೆ. ಯಂತ್ರ ತನಗೆ ತಿಳಿಯದ ಮಾತನ್ನೆಲ್ಲ ಬಿಟ್ಟು ನಡುವಿನ ಒಂದೇ ಪದವನ್ನು ಹಿಡಿದುಕೊಂಡಿತ್ತು. ಹಿಂದೆ ಎಳೆಗೂಸೊಂದು ಅಳುತ್ತಿತ್ತು. ಎರಡನೆಯದರಲ್ಲಿ ಪದಪದಕ್ಕೂ ಕೆಮ್ಮು. ಮೂರನೆಯದು ಹಿಂದಿನ ದಿನ ಸಂಜೆಯದು. ಅದರಲ್ಲಿ “ಆಯಾಸಂ” ಎಂಬ ಒಂದೇ ಮಾತು, ಆಮೇಲೆ ಉಸಿರು, ಇನ್ನೊಂದು ಉಸಿರು. ಅದರ ಮೇಲೇ ನಮ್ಮ ಯಂತ್ರದ ಹೆಣ್ಣುದನಿ ಹಾಯಾಗಿ ಶುರುವಾಗಿತ್ತು: “ನಿಮ್ಮ ಸಮಸ್ಯೆ ಆಯಾಸ. ಚೆನ್ನಾಗಿ ಮಲಗಿ ವಿಶ್ರಾಂತಿ ಪಡೆಯಿರಿ. ಹೆಚ್ಚು ನೀರು ಕುಡಿಯಿರಿ.”

ನಮ್ಮ ಪ್ಲಾಟ್‌ಫಾರ್ಮಿನಲ್ಲಿ ದಾವಣಗೆರೆಯಿಂದ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ಶೈಲಜಾ ಅವರಿಗೆ ಮೂರನ್ನೂ ಕಳಿಸಿದೆ. ಎರಡೇ ನಿಮಿಷದಲ್ಲಿ ಅವರ ಕರೆ ಬಂತು. “ಹೆರಿಗೆಯಾಗಿ ಎಷ್ಟು ದಿನ? ಗೊತ್ತಿಲ್ವಾ? ಮನೆ ಹುಡುಕಿ. ಸಿಕ್ಕಿದ ತಕ್ಷಣ ಕೂರಿಸಿ, ಮಲಗಿಸಬೇಡಿ. ನೀರು ಕುಡಿಸೋದು ನಿಲ್ಲಿಸಿ. ಇವತ್ತು ಅಂದ್ರೆ ಇವತ್ತೇ.”

ನಾವು ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು. ನಾವು ಅದನ್ನು ಮೂರು ಸಲ ಹೇಳಿದ್ದೆವು.

ಕಾರು ಹತ್ತಿ ಹೊರಟೆ. ಚಳ್ಳಕೆರೆಯಿಂದ ಮೊಳಕಾಲ್ಮುರಿನ ದಾರಿಯನ್ನು ನೂರಾರು ಸಲ ಓಡಿಸಿದ್ದೇನೆ, ಆ ದಿನದ ದಾರಿ ಮಾತ್ರ ಒಂದಿಷ್ಟೂ ನೆನಪಿಲ್ಲ. ಬಿಸಿಲು, ಕಲ್ಲುಗುಡ್ಡ, ಕುರಿಮಂದೆ ಎಲ್ಲವೂ ಇದ್ದಿರಬೇಕು. ಮೂರನೆಯ ಮುದ್ರಣದ ಆ ಎರಡು ಉಸಿರು ಮಾತ್ರ ಕಿವಿಯಲ್ಲಿದ್ದವು, ಅವುಗಳ ನಡುವಿನ ಅಂತರವನ್ನು ನಾನು ಸ್ಟೀರಿಂಗ್ ಮೇಲೆ ಬೆರಳು ಬಡಿದು ಅಳೆಯುತ್ತಿದ್ದೆ.

ಆ ನಂಬರು ನಾಗಭೂಷಣ ಎಂಬುವರ ಹೆಸರಿನಲ್ಲಿತ್ತು. ಆರು ಮಗ್ಗಗಳ ಶೆಡ್ಡಿನ ಯಜಮಾನರು. ಒಂದು ನಂಬರು ಎಂದರೆ ಒಬ್ಬ ರೋಗಿ ಎಂಬ ಲೆಕ್ಕದಲ್ಲಿ ನಮ್ಮ ಪ್ಲಾಟ್‌ಫಾರ್ಮ್ ನಡೆಯುತ್ತಿತ್ತು. ಆದರೆ ಅಲ್ಲಿ ಯಜಮಾನರ ಫೋನು ಶೆಡ್ಡಿನ ಕಿಟಕಿಯ ಮೇಲೆ ಇರುತ್ತದೆ, ಬೇಕಾದವರು ತೆಗೆದು ಮಾತಾಡುತ್ತಾರೆ. ಆರು ನೇಕಾರರ ಕುಟುಂಬಗಳೂ ಅದೇ ನಂಬರಿನಲ್ಲಿ ನೋಂದಾಯಿಸಿದ್ದವು. ಆ ದಿನ ಬೆಳಿಗ್ಗೆ ನಾಗಭೂಷಣ ರೇಷ್ಮೆ ತರಲು ಧರ್ಮಾವರಕ್ಕೆ ಹೋಗಿದ್ದರು, ಫೋನೂ ಅವರ ಜೊತೆಗೆ ಹೋಗಿತ್ತು.

ಈಶ್ವರಮ್ಮ ಶೆಡ್ಡಿನ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಟ್ಯಾಬ್ ತೆಗೆದು ಆರು ಕುಟುಂಬಗಳ ಹೆಸರು ಓದುತ್ತಾ ಹೋದೆ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದಾರಾ? ಇಲ್ಲ. ನಿಮ್ಮ ಸೊಸೆ? ಐದು ತಿಂಗಳು. ನಿಮ್ಮ ಮನೆಯಾಕೆ? ಒಬ್ಬ ನೇಕಾರ ಲಾಳಿ ಹಿಡಿದೇ ಹೇಳಿದ, “ಅಮ್ಮಾ, ನನ್ನ ಹೆಂಡ್ತಿಗೆ ಐವತ್ತೆಂಟು. ಹಂಗೇನಾರ ಆಗಿದ್ರೆ ಮೊದ್ಲು ನಂಗೆ ಆಯಾಸ ಬರ್ಬೇಕು.” ಎಲ್ಲರೂ ನಕ್ಕರು. ಆರು ಹೆಸರೂ ಮುಗಿದವು. ಪಟ್ಟಿಯಲ್ಲಿ ಅವಳಿಲ್ಲ. ಫೋನು ತಪ್ಪಿ ಬೇರೆಲ್ಲೋ ಹೋಗಿದೆಯೇ? ಹುಡುಕುವುದು ಇನ್ನೆಲ್ಲಿ? ಟ್ಯಾಬಿನ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದೆ.

ಈಶ್ವರಮ್ಮ ನನ್ನ ಕೈ ಹಿಡಿದು ಟ್ಯಾಬನ್ನು ಕೆಳಗಿಳಿಸಿದರು. “ಮೇಡಂ, ನಾವು ಸೊಸೇರನ್ನ ಹುಡುಕ್ತಾ ಇದೀವಿ. ಬಾಣಂತಿ ಅತ್ತೆ ಮನೇಲಿ ಇರ್ತಾಳೇನ್ರಿ? ಮಗಳನ್ನ ಕೇಳ್ಬೇಕು ನಾವು.”

ನಾನೂ ಇದೇ ಸೀಮೆಯ ಹೆಣ್ಣು. ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾರೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಪಟ್ಟಿ ಇದ್ದದ್ದು ಮನೆಯಲ್ಲಿ ಖಾಯಂ ಇರುವವರದು, ನಾನು ಪಟ್ಟಿಯನ್ನು ಮಾತ್ರ ನೋಡುತ್ತಿದ್ದೆ. ಈಶ್ವರಮ್ಮ ತೆಲುಗಿನಲ್ಲಿ ಗಟ್ಟಿಯಾಗಿ ಕೇಳಿದರು, ಯಾರ ಮಗಳು ಹೆರಿಗೆಗೆ ಬಂದಿದ್ದಾಳೆ ಎಂದು. ಮೂಲೆಯ ಮಗ್ಗದವನು ತಲೆಯೆತ್ತಿದ. ಶೆಡ್ಡಿಗೆ ನೂಲು ಸುತ್ತಿಕೊಡುವ ಲಕ್ಷ್ಮೀದೇವಮ್ಮನ ಮಗಳು ಭವಾನಿ. ಲಕ್ಷ್ಮೀದೇವಮ್ಮ ನೇಯುವವರಲ್ಲ, ಹಾಗಾಗಿ ಪಟ್ಟಿಗೇ ಬಂದಿರಲಿಲ್ಲ. ಅವರ ಮನೆ ಶೆಡ್ಡಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು.

ಲಕ್ಷ್ಮೀದೇವಮ್ಮ ಬಾಗಿಲಿಗೆ ಅಡ್ಡ ನಿಂತರು. ಬಾಣಂತಿಯ ಕೋಣೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಒಳಗಿನಿಂದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು.

“ಈಗ ಮಲಗವ್ಳೆ. ಎಬ್ಬಿಸಬ್ಯಾಡ್ರಿ” ಎಂದರು.

“ಮಲಗಿಸಬಾರದಮ್ಮ. ಡಾಕ್ಟರ್ ಹೇಳಿದಾರೆ” ಎಂದೆ.

ಅವರು ನನ್ನನ್ನು ನೋಡಿದ ನೋಟ ನನಗೆ ಸರಿಯಾಗಿ ನೆನಪಿದೆ ಎಂದುಕೊಂಡಿದ್ದೇನೆ. “ನೀವು ಫೋನಿನವರೇ ಅಲ್ವಾ? ನೀವೇ ಹೇಳಿದ್ರಲ್ಲಮ್ಮಾ ಮಲಗಿಸ್ರಿ, ನೀರು ಕುಡಿಸ್ರಿ ಅಂತ. ಬಾಣಂತಿಗೆ ನಮ್ಮಲ್ಲಿ ನೀರು ಕೊಡಲ್ಲ. ಆದ್ರೂ ಡಾಕ್ಟ್ರು ಹೇಳವ್ರೆ ಅಂತ ಚೊಂಬು ಚೊಂಬು ಕುಡಿಸ್ದೆ. ರಾತ್ರಿಯೆಲ್ಲಾ ಎದ್ದೆದ್ದು ಕುಂತ್ಕಂತಾಳೆ, ಬೈದು ಬೈದು ಮಲಗಿಸ್ದೆ. ಭುಜ ಹಿಡ್ಕಂಡು ಮಲಗಿಸ್ದೆ.”

ಈಶ್ವರಮ್ಮ ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ನಾನು ಹಿಂದೆ ಹೋದೆ. ಆ ಕೋಣೆ ಕತ್ತಲಾಗಿತ್ತು ಎಂದು ನನ್ನ ನೆನಪು. ಕಿಟಕಿ ತೆರೆದಿತ್ತು, ಬೆಳಕಿತ್ತು ಎಂದು ಈಶ್ವರಮ್ಮ ಇವತ್ತಿಗೂ ಹೇಳುತ್ತಾರೆ. ಭವಾನಿ ಮಲಗಿರಲಿಲ್ಲ. ತಾಯಿ ಹೊರಗೆ ಬಂದೊಡನೆ ಎದ್ದು, ಮಂಚದ ಅಂಚಿನಲ್ಲಿ ಎರಡೂ ಅಂಗೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಬಾಣಂತಿಯ ಬಟ್ಟೆ ಸುತ್ತಿದ ತಲೆ ಪ್ರತಿ ಉಸಿರಿಗೂ ಮೇಲೇಳುತ್ತಿತ್ತು. ತುಟಿ ನೀಲಿಗಟ್ಟಿತ್ತು. ಪಾದದ ಮೇಲೆ ಈಶ್ವರಮ್ಮ ಬೆರಳೊತ್ತಿ ತೆಗೆದರೆ ಗುಳಿ ಹಾಗೇ ಉಳಿಯಿತು. ನಮ್ಮನ್ನು ನೋಡಿ ಅವಳು ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಮಲಗಲು ಹೋದಳು.

“ಬೇಡ!” ಎಂದು ನಾನು ಕೂಗಿದೆ. ಮಗು ಬೆಚ್ಚಿ ಅಳತೊಡಗಿತು.

ತಾಲ್ಲೂಕು ಆಸ್ಪತ್ರೆಗೆ ಐದು ನಿಮಿಷ. ಕಾರಿನಲ್ಲಿ ಅವಳನ್ನು ಕೂರಿಸಿಕೊಂಡೇ ಹೋದೆವು. ಅಲ್ಲಿನ ವೈದ್ಯರು ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೊಟ್ಟು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೆರಿಗೆಯ ಆಸುಪಾಸಿನಲ್ಲಿ ಅಪರೂಪಕ್ಕೆ ಕೆಲವರಲ್ಲಿ ಹೃದಯದ ಸ್ನಾಯು ಸೋಲುತ್ತದೆ, ರಕ್ತವನ್ನು ಮುಂದಕ್ಕೆ ತಳ್ಳಲು ಆಗುವುದಿಲ್ಲ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ಮಲಗಿದರೆ ಅದು ಇನ್ನಷ್ಟು ಒತ್ತುತ್ತದೆ ಎಂದು ವಿವರಿಸಿದರು. “ಬಳ್ಳಾರಿಗೆ ಈಗಲೇ ಹೊರಡಿ. ಒಂದು ದಿನ ತಡ ಆಗಿದ್ರೆ” ಎಂದು ನಿಲ್ಲಿಸಿದರು. ಆ ವಾಕ್ಯವನ್ನು ಪೂರ್ತಿ ಮಾಡಲು ಅವರಿಗೆ ಪುರುಸೊತ್ತಿರಲಿಲ್ಲ.

ಆಂಬುಲೆನ್ಸಿನಲ್ಲಿ ಭವಾನಿ, ಅವಳ ತಾಯಿ. ಹಿಂದೆ ನನ್ನ ಕಾರಿನಲ್ಲಿ ಈಶ್ವರಮ್ಮ, ಅವರ ತೊಡೆಯ ಮೇಲೆ ಇಪ್ಪತ್ತೆರಡು ದಿನದ ಕೂಸು. ರಾಂಪುರ ದಾಟಿದ ಮೇಲೆ ಮುಂದೆ ಹೋಗುತ್ತಿದ್ದ ಆಂಬುಲೆನ್ಸ್ ಎಡಕ್ಕೆ ಸರಿಯಿತು. ನಿಂತಿತು. ದೀಪ ಸುತ್ತುತ್ತಲೇ ಇತ್ತು, ಸದ್ದು ನಿಂತಿತ್ತು.

ಅದರ ಹಿಂದೆ ನಾನೂ ನಿಲ್ಲಿಸಿದೆ. ಹಿಂಬಾಗಿಲು ತೆರೆಯಿತು, ಒಳಗೆ ಯಾರೋ ಬಾಗಿ ಏನೋ ಮಾಡುತ್ತಿದ್ದರು. ಇಳಿಯಬೇಕು ಎಂದು ನನಗೆ ಗೊತ್ತಿತ್ತು, ಕೈ ಬಾಗಿಲ ಹಿಡಿಯ ಮೇಲೂ ಇತ್ತು. ಇಳಿಯಲಿಲ್ಲ. ಇಳಿಯದಿದ್ದರೆ ಅಲ್ಲಿ ಏನೂ ಆಗಿರುವುದಿಲ್ಲ ಎಂಬಂತೆ ಕೂತಿದ್ದೆ. ಈಶ್ವರಮ್ಮ ನನ್ನ ಮುಖ ನೋಡಿದರು, ಮಗುವನ್ನು ನನ್ನ ಮಡಿಲಿಗೆ ಹಾಕಿ ತಾವೇ ಇಳಿದು ಓಡಿದರು. ಎಷ್ಟು ಹೊತ್ತೋ. ಮಗು ನನ್ನ ಕುರ್ತಾದ ಗುಂಡಿಯನ್ನು ಬಾಯಿಂದ ತಡಕಾಡುತ್ತಿತ್ತು. ಅದಕ್ಕೆ ಹಸಿವಾಗಿತ್ತು, ಅದರ ತಾಯಿ ಹತ್ತು ಹೆಜ್ಜೆ ಆಚೆ ಇದ್ದಳು, ಇದ್ದಾಳೋ ಇಲ್ಲವೋ ನನಗೆ ತಿಳಿಯದು.

ಈಶ್ವರಮ್ಮ ಓಡಿ ಬಂದು ಕಿಟಕಿ ಬಡಿದರು. “ಸಿಲಿಂಡರ್ ಬದಲಾಯಿಸಿದ್ರಂತೆ, ಅಷ್ಟೇ. ಉಸಿರಾಡ್ತಾವ್ಳೆ. ಕೂಸು ಇತ್ತ ಕೊಟ್ಟು ಗಾಡಿ ತೆಗೀರಿ, ಅಳೋದು ಆಮೇಲೆ.”

ಭವಾನಿ ಬದುಕಿದಳು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹದಿಮೂರು ದಿನ ಇದ್ದಳು. ಹೃದಯ ಅರ್ಧಕ್ಕಿಂತ ಹೆಚ್ಚು ಚೇತರಿಸಿಕೊಂಡಿದೆ, ಪೂರ್ತಿ ಅಲ್ಲ. ಮಾತ್ರೆ ಬಿಡುವಂತಿಲ್ಲ, ಇನ್ನೊಂದು ಮಗು ಬೇಡ ಎಂದಿದ್ದಾರೆ. ಗಂಡನ ಮನೆಯಲ್ಲಿ ಮಾಡುತ್ತಿದ್ದಂತೆ ಗುಂಡಿ ಮಗ್ಗದಲ್ಲಿ ಕೂತು ದಿನವಿಡೀ ಕಾಲು ತುಳಿಯುವುದು ಇನ್ನು ಅವಳಿಂದ ಆಗದು. ಕಳೆದ ಸಲ ಹೋದಾಗ ತಾಯಿಯ ಜೊತೆ ನೂಲು ಸುತ್ತುತ್ತಿದ್ದಳು. ಲಕ್ಷ್ಮೀದೇವಮ್ಮ ನನಗೆ ಕಾಫಿ ಕೊಟ್ಟು ಒಳಗೆ ಹೋದರು. ಅವರು ಆ ರಾತ್ರಿಗಳನ್ನು ಹೇಗೆ ನೆನಪಿಸಿಕೊಳ್ಳುತ್ತಾರೆ ಎಂದು ಯೋಚಿಸಲು ನನಗೆ ಭಯ. ಮಗಳ ಭುಜ ಹಿಡಿದ ಕೈಗಳು ಅವರವೇ, ಆದರೆ ಹಿಡಿಯಿರಿ ಎಂದದ್ದು ನಾವು.

ಕಂಪನಿ ಆ ವಾರವೇ ಆಟೋ-ಕ್ಲೋಸ್ ನಿಲ್ಲಿಸಿತು. ಸಖಿಯರು ಮತ್ತೆ ಮನೆಮನೆಗೆ ಹೋಗತೊಡಗಿದರು. ಈಶ್ವರಮ್ಮನಿಗೆ ನಾನು ಕ್ಷಮೆ ಕೇಳಿದೆ. “ಕಾಫಿ ಕುಡಿಯೋಕೆ ಬಿಡ್ರಿ ಸಾಕು” ಎಂದರು. ಒಂದು ವರ್ಷದ ನಂತರ ನಾನು ಕೆಲಸ ಬಿಟ್ಟೆ. ಈಗ ಆರೋಗ್ಯದ ಆ್ಯಪ್ ಮಾಡುವ ಯುವಕರು ಸಲಹೆ ಕೇಳಲು ಬಂದಾಗ ಒಂದೇ ಮಾತು ಹೇಳುತ್ತೇನೆ. ಪ್ರಯೋಗದಲ್ಲಿ ಒಂದು ಪದಕ್ಕೆ ತಪ್ಪು ಬರಲಿಲ್ಲ ಎಂದರೆ ಆ ಪದ ಸರಿಯಿದೆ ಎಂದು ಖುಷಿಪಡಬೇಡಿ, ಆ ಪದವನ್ನು ಅಲ್ಲಿ ಯಾರಾದರೂ ಆಡಿದರೇ ಎಂದು ಮೊದಲು ನೋಡಿ. ಅವರು ಬರೆದುಕೊಳ್ಳುತ್ತಾರೆ. ನಾನು ಪೂರ್ತಿ ಹೇಳಿಲ್ಲ ಎಂಬುದು ಅವರಿಗೆ ಗೊತ್ತಾಗುವುದಿಲ್ಲ.

ಹೇಳದೆ ಉಳಿದದ್ದು ಇದು. ಆ ಗುರುವಾರ ಕಂಪನಿಯ ವಿಚಾರಣೆ ನಡೆಯಿತು, ವೀಡಿಯೋ ಕರೆಯಲ್ಲಿ. ಪದಪಟ್ಟಿಯನ್ನು ಸ್ಥಳೀಯವಾಗಿ ಪರಿಶೀಲಿಸಿದವರು ಯಾರು ಎಂದು ಕೇಳಿದರು. ಪರದೆಯ ಮೇಲೆ ಒಂದು ಫಾರಂ ಬಂತು. ‘ತೆಲುಗು ಮಾತೃಭಾಷೆಯವರೊಬ್ಬರಿಗೆ ಓದಿ ತೋರಿಸಲಾಗಿದೆಯೇ? ಹೌದು.’ ಕೆಳಗೆ ನನ್ನ ಸಹಿ. ಯಾರಿಗೆ ಎಂದು ಕೇಳಿದರು. ಮನೆಯವರೊಬ್ಬರಿಗೆ ಎಂದೆ, ಹೆಸರು ಹೇಳಲಿಲ್ಲ.

ಓದಿ ತೋರಿಸಿದ್ದು ನನ್ನ ಅತ್ತಿಗೆಗೆ, ಅಣ್ಣನ ಹೆಂಡತಿಗೆ. ಅವರ ತವರು ಮೊಳಕಾಲ್ಮುರು, ತೆಲುಗು ಮಾತಾಡುವ ನೇಕಾರರ ಮನೆ. ಅವರು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದರು, ನಾನು ಬಾಗಿಲಿಗೆ ಒರಗಿ ಇನ್ನೂರ ಹತ್ತು ಪದಗಳನ್ನು ನಾವು ಕೊಟ್ಟ ಅರ್ಥದ ಸಮೇತ ಓದಿದೆ. ಅದು ಕಂಪನಿಯ ಪರಿಶೀಲನೆ ಎಂದು ನಾನು ಅವರಿಗೆ ಹೇಳಲೇ ಇಲ್ಲ. ನನ್ನ ನೆನಪಿನ ಪ್ರಕಾರ ಅವರು ಎಲ್ಲದಕ್ಕೂ ಹೂಂ ಎನ್ನುತ್ತಾ ಹೋದರು. ಈ ನೆನಪನ್ನು ನಾನು ಎರಡು ವರ್ಷ ನಂಬಿದ್ದೆ.

ಕಳೆದ ತಿಂಗಳು ಹಳೆಯ ದಿನಚರಿ ತೆಗೆದು ಆ ಸಂಜೆಯ ಪುಟ ಓದಿದೆ. ನನ್ನದೇ ಕೈಬರಹ: ‘ಪಟ್ಟಿ ಮುಗಿಯಿತು. ಅಜೀರ್ಣ, ಆಮಶಂಕೆ ಆದಮೇಲೆ ಮೂರನೆಯದಕ್ಕೇ ಅತ್ತಿಗೆ ಏನೋ ಅಂದರು. ನಕ್ಕು ಮುಂದೆ ಹೋದೆ, ಇಲ್ಲದಿದ್ದರೆ ರಾತ್ರಿಯೆಲ್ಲ ಆಗುತ್ತಿತ್ತು.’ ಅಷ್ಟೇ. ಏನಂದರು ಎಂದು ಬರೆದಿಲ್ಲ. ಅಕಾರಾದಿಯಲ್ಲಿ ಮೂರನೆಯ ಪದ ಯಾವುದೆಂದು ನನಗೆ ನೋಡಿಕೊಳ್ಳಬೇಕಾಗಿಲ್ಲ.

ಭವಾನಿಯ ವಿಷಯ ಅತ್ತಿಗೆಗೆ ಮೊದಲಿನಿಂದಲೂ ಗೊತ್ತು. ಮೊಳಕಾಲ್ಮುರಿನ ಸುದ್ದಿ ಅವರಿಗೆ ನನಗಿಂತ ಮೊದಲು ಬರುತ್ತದೆ. ಆದರೂ ಒಂದು ದಿನವೂ ಆ ಮಾತನ್ನು ಅವರು ಎತ್ತಿಲ್ಲ. ಕಳೆದ ಭಾನುವಾರ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಎದುರಿಗೆ ಕೂತು ನಾನೂ ಬಿಡಿಸತೊಡಗಿದೆ. ಬುಟ್ಟಿ ಅರ್ಧ ಖಾಲಿಯಾಗುವವರೆಗೆ ಧೈರ್ಯ ಬರಲಿಲ್ಲ, ಆಮೇಲೆ ಕೇಳಿಯೇ ಬಿಟ್ಟೆ. ಅವರು ಬೀಜ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು, ಆಮೇಲೆ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಇವತ್ತಿಗೆ ಐದು ದಿನ, ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ತಿಗೆ, ಅವತ್ತು ಪಟ್ಟೀಲಿ ಆಯಾಸ ಅಂತ ಓದಿದಾಗ ನೀವು ಬೇಡ ಅಂದಿದ್ರಾ?”